ಭಾವನ ಹುಟ್ಟು

ಆ ಒಂದು ಮಾತನ್ನು ಅವನು ದಡಕ್ಕೆ ಬಂದು, ಮೈ ಒರೆಸಿಕೊಂಡು, ಮೆಲ್ಲಗೆ ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ನಡುಕೆರೆಯಲ್ಲಿ ಕೂತು ಲೋಕಕ್ಕೆಲ್ಲ ಕೇಳುವ ಹಾಗೆ ಕೂಗಿದ. ಈಗ ಕೈ ಕೈ ಹಿಸುಕಿಕೊಂಡು ಏನು ಬಂತು?

ಅವನು ಫ್ರಿಜ್ ಕಂಪನಿಯ ದೂರು ವಿಭಾಗದಲ್ಲಿ ಸಂಬಳಕ್ಕಿರುವವನು. ದಿನವಿಡೀ ಫೋನು ಕಿವಿಗಿಟ್ಟುಕೊಂಡು, ಹಾಲು ಒಡೆದವರನ್ನೂ ಐಸು ಕರಗಿದವರನ್ನೂ ತಣ್ಣಗೆ ಮಾಡುವುದು ಕೆಲಸ. (ಫ್ರಿಜ್ಜು ಮಾಡದ ಕೆಲಸವನ್ನು ಅವನು ಮಾಡುತ್ತಿದ್ದ.) ಕಚೇರಿಯವರು ‘ಸಮಾಧಾನಪ್ಪ’ ಎಂದು ಅಡ್ಡಹೆಸರಿಟ್ಟಿದ್ದರು. ತಮಾಷೆಗಿಟ್ಟದ್ದು ಎಂದು ಅವನಿಗೆ ಹೊಳೆಯಲೇ ಇಲ್ಲ. ಬಿರುದೆಂದು ತಿಳಿದು ಮನೆಗೂ ಹೊತ್ತು ತಂದ.

ಮನೆಯಲ್ಲಿ ಬಿರುದಿಗೆ ತಕ್ಕ ದೂರೊಂದು ಎರಡು ವರ್ಷದಿಂದ ಕೊಳೆಯುತ್ತಿತ್ತು. ಹೆಂಡತಿಗೂ ಅವಳ ಅಣ್ಣನಿಗೂ ಮಾತಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆ ಯಂತ್ರವನ್ನು ಅಣ್ಣ ಕೇಳದೆ ಒಯ್ದಿದ್ದರು. ಅಣ್ಣ ದರ್ಜಿ, ಇವಳಿಗೆ ಸೂಜಿಗೆ ದಾರ ಪೋಣಿಸಲೂ ಬಾರದು. ಆದರೂ ಒಂದು ಮಾತು ಕೇಳಬಾರದಿತ್ತೇ ಎಂಬುದು ಇವಳ ಕೊರಗು. ಕೇಳಬೇಕೇ ಎಂಬುದು ಅವರ ಬಿಗುಮಾನ. ತವರು ಎಂದು ಅವಳಿಗೆ ಉಳಿದಿದ್ದವರು ಅವರೊಬ್ಬರೇ. ಫೋನು ಬಡಿದುಕೊಂಡಾಗಲೆಲ್ಲ ಓಡಿಬಂದು, ಯಾರೆಂದು ನೋಡಿ, ಸಪ್ಪಗಾಗಿ ಒಳಗೆ ಹೋಗುವ ಅವಳನ್ನು ಕಂಡು ಕಂಡು ಸಮಾಧಾನಪ್ಪನ ಸಮಾಧಾನ ಕೆಟ್ಟಿತ್ತು.

ಆಗ ಹೊಳೆದದ್ದು ದೋಣಿ! ಇಬ್ಬರು ಕೂರುವ ಪುಟ್ಟ ದೋಣಿ. ಅಣ್ಣ ತಂಗಿಯನ್ನು ಅದರಲ್ಲಿ ಕೂರಿಸಿ ನೀರಿಗೆ ತಳ್ಳಿಬಿಟ್ಟರೆ ಮುಖ ತಿರುಗಿಸಿಕೊಂಡು ಎದ್ದು ಹೋಗಲು ಅಲ್ಲಿ ಬಾಗಿಲಿಲ್ಲ; ಮಾತಾಡಲೇಬೇಕು. ದೋಣಿ ಕೊಂಡ. ಭಾವನಿಗೆ ಗುಟ್ಟಾಗಿ ಫೋನು ಮಾಡಿದ. ಹೆಂಡತಿಗೆ, “ಭಾನುವಾರ ಬೆಳಿಗ್ಗೆ ಕೆರೆ ಹತ್ರ ಬಾ, ಹೊಸ ದೋಣಿ ನೋಡುವಿಯಂತೆ” ಎಂದಷ್ಟೇ ಹೇಳಿದ.

ಭಾವ ಮೊದಲೇ ಬಂದರು. ಬರಿಗೈಯಲ್ಲಲ್ಲ, ಭುಜದ ಮೇಲೆ ನೀರು ತಳ್ಳುವ ಹುಟ್ಟು, ಅವರಿಗಿಂತ ಎತ್ತರದ್ದು. ಅದಕ್ಕೆ ತಾವೇ ಹೊಲಿದ ನೀಲಿ ಗವಸು, ಗವಸಿಗೆ ಗುಂಡಿ.

“ದೋಣಿ ನಿಮ್ಮದು, ಹುಟ್ಟು ನಂದು,” ಎಂದರು ನಾಚಿಕೊಂಡು. “ಅವಳು ಬರ್ತಾಳಲ್ಲ?”

“ಬಂದೇ ಬರ್ತಾಳೆ ಭಾವ. ಅಷ್ಟರಲ್ಲಿ ನಾನೊಂದು ಸುತ್ತು ನೋಡ್ತೀನಿ.”

ದೋಣಿ ತಲುಪಿಸಲು ಬಂದಿದ್ದ ಅಂಗಡಿಯವರು ಗಿಡ್ಡ ಹುಟ್ಟೊಂದನ್ನು ಚಾಚಿ, “ಕೂತಾಗ ಗಲ್ಲ ಮುಟ್ಟಿದ್ರೆ ಸಾಕು ಸಾರ್, ಇದನ್ನ ತಗೊಳ್ಳಿ” ಎಂದರು. ಭಾವನ ಮುಖ ನೋಡಿ ಅವನು ಉದ್ದದ್ದನ್ನೇ ಹಿಡಿದ. ಒಳ್ಳೆಯ ಕೆಲಸವೇ. ಅಲ್ಲಿಗೇ ನಿಲ್ಲಿಸಬೇಕಿತ್ತು.

ನೌಕೆ ನೀರಿಗಿಳಿಯಿತು. (ಬಟ್ಟೆ ತೋಯುವವರೆಗೆ ಅದನ್ನು ನೌಕೆ ಎನ್ನೋಣ.) ಹುಟ್ಟನ್ನು ಎತ್ತಿದರೆ ಹಿಡಿ ಮೂಗಿಗೆ, ಇಳಿಸಿದರೆ ಮೊಣಕೈ ಮಂಡಿಗೆ. ದೋಣಿ ಮುಂದೆ ಹೋಗುವ ಬದಲು ಬುಗುರಿಯಾಯಿತು.

“ಏನಾಯ್ತು ಸಾರ್? ದೋಣಿ ಸರಿ ಇಲ್ವಾ?” ಅಂಗಡಿಯವರು ದಡದಿಂದ ಕೂಗಿದರು.

ದೂರು ಸ್ಪಷ್ಟವಾಗಿರಬೇಕೆಂಬುದು ಅವನ ವೃತ್ತಿಧರ್ಮ. ಎದೆ ತುಂಬ ಉಸಿರೆಳೆದು ಕೂಗಿದ: “ದೋಣಿದೇನೂ ತಪ್ಪಿಲ್ಲ! ನಮ್ಮ ಭಾವನ ಹುಟ್ಟೇ ಸರಿ ಇಲ್ಲ!”

ಹೆಂಡತಿ ಆಗಷ್ಟೇ ದಡಕ್ಕೆ ಬಂದಿದ್ದಳು. ಕಣ್ಣೆದುರು ಅಣ್ಣ, ಕಿವಿಗೆ ಗಂಡನ ಮಾತು.

“ಏನಂದ್ರಿ? ನಮ್ಮಣ್ಣನ ಹುಟ್ಟು ಸರಿ ಇಲ್ವಾ? ನಾವಿಬ್ರೂ ಒಂದೇ ಹೊಟ್ಟೇಲಿ ಹುಟ್ಟಿದವರು ಕಣ್ರೀ! ನಮ್ಮಮ್ಮನ್ನ ಅಂದ್ರಾ?”

“ಅಯ್ಯೋ, ಇಲ್ಲ ಕಣೇ! ಅದು...” ಅಷ್ಟರಲ್ಲಿ ದೋಣಿ ತಿರುಗಿತು. ವಿವರಣೆಯೆಲ್ಲ ಆಚೆ ದಡದ ಬಾತುಕೋಳಿಗಳ ಪಾಲಾಗಿ, ಇತ್ತ ಕೇಳಿದ್ದು ಬಾಲ ಮಾತ್ರ: “...ಅಂಗಡೀಲಿ ಬೇರೆ ಹುಟ್ಟು ಸಿಗುತ್ತೆ!”

“ಕೇಳಿದ್ಯಾ ಅಣ್ಣ?” ಎಂದಳು ಅವಳು. ಎರಡು ವರ್ಷದ ಮೇಲೆ ಮೊದಲ ಮಾತು.

ಭಾವನಿಗೆ ವಿಷಯ ಗೊತ್ತೇ ಇತ್ತು. ಆದರೆ ತಂಗಿ ಮಾತಾಡಿಸಿದ್ದಾಳೆ! “ಕೇಳಿದೆ ಪುಟ್ಟಿ,” ಎಂದರು, ಅಷ್ಟೇ.

ಅವನು ಅಂಗೈಯಿಂದ ನೀರು ತಳ್ಳಿಕೊಂಡು ಹೇಗೋ ದಡ ಸೇರಿ, ಉದ್ದದ ಹುಟ್ಟನ್ನು ಎತ್ತಿ ತೋರಿಸಿದ. “ಇದು ಕಣೇ! ಸರಿ ಇಲ್ಲ ಅಂದದ್ದು ಈ ಹುಟ್ಟನ್ನ!”

ಅವಳು ಹುಟ್ಟನ್ನು ನೋಡಿದಳು; ಗವಸು ಮಡಚುತ್ತಿದ್ದ ಅಣ್ಣನನ್ನು ನೋಡಿದಳು. “ನೀನು ತಂದದ್ದಾ ಅಣ್ಣ?”

“ಎಷ್ಟೋ ಅಂಗಡಿ ಸುತ್ತಿದ್ದೆ,” ಎಂದರು ಭಾವ ತಲೆ ತಗ್ಗಿಸಿ. “ಉದ್ದ ಇದ್ರೆ ಒಳ್ಳೇದೇನೋ ಅಂದ್ಕೊಂಡೆ.”

ಬೈದನೆಂದು ಅವಳು ತಪ್ಪು ತಿಳಿದಿದ್ದರೆ ಬೈದಿಲ್ಲ ಎನ್ನಬಹುದಿತ್ತು. ಹುಟ್ಟು ಸರಿ ಇಲ್ಲವೆಂಬ ನಿಜವನ್ನು ಹೇಗೆ ವಾಪಸು ಪಡೆಯುವುದು?

“ಪ್ರೀತಿಯಿಂದ ತಂದದ್ದನ್ನ ಹೀಗಾ ಕೂಗಿ ಹೇಳೋದು?” ಎನ್ನುತ್ತ ಅವಳು ಹುಟ್ಟನ್ನು ಕಿತ್ತುಕೊಂಡಳು. “ನಡಿ ಅಣ್ಣ, ಮನೆಗೆ. ಊಟ ಮಾಡ್ಕೊಂಡೇ ಹೋಗ್ಬೇಕು ನೀನು.”

ಅವರಿಬ್ಬರು ಮುಂದೆ, ಹಿಂದೆ ದೋಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಅವನು. ಒಳಗಿನಿಂದ ಕಾಣುತ್ತಿದ್ದುದು ಜೊತೆಯಾಗಿ ಸಾಗುವ ಪಾದಗಳಷ್ಟೇ. ಮಾತು ನಡೆದೇ ಇತ್ತು. ಒಮ್ಮೆ ಅವಳು ನಕ್ಕಳು ಕೂಡ. ಹೇಗಾದರೇನು, ಕೆಲಸವಾಯಿತಲ್ಲ! ಏನು ಮಾತಾಡುತ್ತಿರಬಹುದೆಂದು ಹೆಜ್ಜೆ ಬಿರುಸು ಮಾಡಿದ.

“ಮದುವೆಗೆ ಮೊದಲೇ ನಾನು ಹೇಳಿರ್ಲಿಲ್ವಾ, ಈ ಹುಡುಗ ಬೇಡ ಅಂತ?”

“ಹೇಳಿದ್ದೆ ಅಣ್ಣ. ನಿನ್ನ ಮಾತು ಕೇಳ್ಬೇಕಿತ್ತು.”

“ತಪ್ಪಾಯ್ತು!” ಎಂದು ಅವನು ಕೂಗಿದ. ಬೋರಲು ದೋಣಿ ಆ ಮಾತನ್ನು ಹೊರಗೆ ಬಿಡದೆ, ಪೂರ್ತಿ ಅವನ ಕಿವಿಗೇ ಸುರಿಯಿತು.