ಶ್ರುತಿಯನ್ನು ಗಿರಗಿರ ತಿರುಗಿಸಿದ್ದು

ಸದ್ದಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ನಂಬಿಕೆ ಎಪ್ಪತ್ತರ ದಶಕದ ನಡುವಿನವರೆಗೂ ನನಗಿತ್ತು. ಆಗ ನಾವು ಚಿಕಾಗೋ ಬಳಿಯ ಡೌನರ್ಸ್ ಗ್ರೋವ್‌ನಲ್ಲಿದ್ದೆವು. ಪಕ್ಕದ ಲಿಸ್ಲ್‌ನ ಒಂದು ಕಂಪನಿಯಲ್ಲಿ ಕಾರ್ಖಾನೆಯ ಫ್ಯಾನುಗಳು ಎಷ್ಟು ನಡುಗುತ್ತವೆ ಎಂದು ಅಳೆಯುವುದು ನನ್ನ ಉದ್ಯೋಗ. ನಡುಗುವುದನ್ನು ನಿಲ್ಲಿಸಲು ಸಂಬಳ ಪಡೆಯುತ್ತಿದ್ದವನು, ನೆಟ್ಟಗೆ ನಿಂತಿದ್ದ ಶ್ರುತಿಯನ್ನು ಸ್ವಂತ ಖರ್ಚಿನಲ್ಲಿ ನಡುಗಿಸಿದ ಕಥೆ ಇದು.

ನನ್ನ ಹೆಂಡತಿ ವಿಮಲಾ ಮೈಸೂರಿನಲ್ಲಿ ಕಛೇರಿ ಮಾಡುತ್ತಿದ್ದವಳು. ಅಮೆರಿಕಕ್ಕೆ ಬಂದ ಮೇಲೆ ಅವಳ ಹಾಡು ಅಡುಗೆಮನೆ ದಾಟಿರಲಿಲ್ಲ. ಆ ವರ್ಷ ಯುಗಾದಿಗೆ ಕನ್ನಡದವರೆಲ್ಲ ಸೇರಿ ಒಂದು ಶಾಲೆಯ ಕೆಫೆಟೀರಿಯಾ ಬಾಡಿಗೆಗೆ ಹಿಡಿದು, ಅವಳಿಗೆ ಒಂದು ಗಂಟೆ ಹಾಡಲು ಕೊಟ್ಟರು. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ, ಡೆಟ್ರಾಯಿಟ್ ಕಡೆಯ ಟ್ರಾಯ್‌ನಿಂದ ಕಮಲಾ ಆಂಟಿ ಕೇಳಲು ಬರುವವರಿದ್ದರು. ಆಂಟಿ ದೊಡ್ಡ ವಿದುಷಿ. ಮೆಚ್ಚಿದರೆ ನವರಾತ್ರಿಗೆ ಟ್ರಾಯ್‌ನಲ್ಲಿ ಪೂರ್ತಿ ಕಛೇರಿ, ಮೆಚ್ಚದಿದ್ದರೆ ಮತ್ತೆ ಅಡುಗೆಮನೆ. ವಿಮಲಾ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಸಾರಿಗೆ ಒಂದೋ ಉಪ್ಪೇ ಬೀಳುತ್ತಿರಲಿಲ್ಲ, ಇಲ್ಲವೇ ಎರಡು ಸಲ ಬೀಳುತ್ತಿತ್ತು.

ತಂಬೂರಿ ಇರಲಿಲ್ಲ. ವಿಮಾನದಲ್ಲಿ ತರುವಾಗಲೇ ಅದರ ಬುರುಡೆ ಒಡೆದಿತ್ತು. ನನ್ನ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು.

"ನಾಲ್ಕು ತಂತಿ ಶ್ರುತಿ ಮಾಡ್ಕೊಂಡು ಸುಮ್ಮನೆ ಮೀಟ್ತಾ ಕೂತಿರಿ, ಸಾಕು," ಎಂದಳು ವಿಮಲಾ.

ಇಂಜಿನಿಯರನಿಗೆ 'ಸುಮ್ಮನೆ' ಎನ್ನುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಗಿಟಾರಿನ ಸದ್ದು ಒಣಕಲು. ತಂಬೂರಿಯದು ಹಾಗಲ್ಲ, ನಾದ ಅಲೆಯಲೆಯಾಗಿ ಏಳುತ್ತದೆ. ಅಂಥ ಅಲೆಯನ್ನು ನಾನು ನೆರೆಮನೆಯವರ ಮಗಳ ಮದುವೆಯಲ್ಲಿ ಚರ್ಚಿನ ಆರ್ಗನ್ನಿನಿಂದ ಕೇಳಿದ್ದೆ. ವಿಚಾರಿಸಿದಾಗ, ಪಕ್ಕದಲ್ಲಿದ್ದ ಬೀರುವಿನಂಥ ಮರದ ಪೆಟ್ಟಿಗೆಯೊಳಗೆ ಸ್ಪೀಕರು ಗಿರಗಿರನೆ ತಿರುಗುತ್ತಿದೆ ಎಂದು ತಿಳಿಯಿತು. ಸದ್ದು ಹತ್ತಿರ ಬಂದು ದೂರ ಹೋಗುವುದು ಅದರಿಂದ. ಇದೇ ತಂಬೂರಿಯ ರಹಸ್ಯ ಎಂದು ನಾನು ನಿಂತ ನಿಲುವಿನಲ್ಲೇ ತೀರ್ಮಾನಿಸಿದೆ.

ಬೀರು ಹೊರಲು ನಾಲ್ಕಾಳು ಬೇಕು. ಚಿಕಾಗೋದ ಅಂಗಡಿಯೊಂದರಲ್ಲಿ ಉದ್ದಗೂದಲಿನ ಯುವಕನೊಬ್ಬ, ಅದೇ ಸದ್ದನ್ನು ಗಿಟಾರಿಗೆ ಸಿಕ್ಕಿಸುವ ಪೆಡಲು ಎಂಬ ಪುಟ್ಟ ಪೆಟ್ಟಿಗೆಗಳಿಂದಲೂ ತರಬಹುದೆಂದ. ಒಂದು ಸದ್ದನ್ನು ಏರಿಳಿಸುತ್ತದೆ, ಇನ್ನೊಂದು ಅಲೆಯೆಬ್ಬಿಸುತ್ತದೆ, ಮತ್ತೊಂದು ಪ್ರತಿಧ್ವನಿ ಸೇರಿಸುತ್ತದೆ. ಮೂರನ್ನೂ ಸಾಲಾಗಿ ಜೋಡಿಸಿ ಕಣ್ಣು ಮುಚ್ಚಿದರೆ ಸ್ಪೀಕರೇ ತಿರುಗಿದಂತಿರುತ್ತದೆ ಎಂದ. ಕಣ್ಣಿನ ವಿಷಯ ಹೇಳಿದನೇ ಹೊರತು ಕಿವಿಯ ವಿಷಯ ಏನೂ ಹೇಳಲಿಲ್ಲ.

ಮೂರನ್ನೂ ಕೊಂಡು ತಂದು, ಮನೆಯಲ್ಲಿ ನೆಲದ ಮೇಲಿಟ್ಟು, ಕಾಲಿನಿಂದ ಒಂದನ್ನು ಒತ್ತಿದೆ. ವಿಮಲಾ ಓಡಿ ಬಂದಳು.

"ವಾದ್ಯಕ್ಕೆ ಕಾಲು ತಾಗಿಸ್ತಿದೀರಲ್ರೀ!"

"ಇದು ವಾದ್ಯ ಅಲ್ಲ, ಪೆಡಲ್ಲು. ಕಾಲಲ್ಲಿ ಒತ್ತೋಕೇ ಮಾಡಿರೋದು."

"ಅದರಿಂದ ಶ್ರುತಿ ಬರತ್ತೋ ಇಲ್ವೋ? ಬರತ್ತೆ ಅಂದ್ಮೇಲೆ ವಾದ್ಯಾನೇ. ಕೈಲಿ ಒತ್ತಿ."

ವಾದ ಅಲ್ಲಿಗೆ ಮುಗಿಯಿತು. ಪೆಡಲುಗಳು ಮಣೆಯೇರಿದವು. ಅವಕ್ಕೆ ಅರಿಶಿನ, ಕುಂಕುಮ, ಹೂವು ಸಂದಾಯವಾದವು. ಎರಡೂ ಕೈ ಗಿಟಾರಿನ ಮೇಲಿದ್ದರೆ ಒತ್ತುವ ಕೈ ಯಾವುದು ಎಂಬ ಪ್ರಶ್ನೆಯನ್ನು ಇಬ್ಬರು ಪದವೀಧರರಲ್ಲಿ ಒಬ್ಬರೂ ಎತ್ತಲಿಲ್ಲ. ಸದ್ದು ಸಣ್ಣಗಿಟ್ಟು ಮೀಟಿದೆ. ವಿಮಲಾ ಹುಬ್ಬು ಗಂಟಿಕ್ಕಿ ಕೇಳಿ, "ಇಷ್ಟು ಮೆತ್ತಗಿದ್ರೆ ಪರವಾಗಿಲ್ಲ," ಎಂದಳು. ಆ 'ಇಷ್ಟು' ಎಂಬುದನ್ನು ನಾನು ಗಮನಿಸಬೇಕಿತ್ತು.

ಯುಗಾದಿಯ ಸಂಜೆ ಮೈಸೂರು ಪೇಟ ಸುತ್ತಿಕೊಂಡು ವಿಮಲಳ ಹಿಂದೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಮುಂದೆ ಮಣೆ, ಮಣೆಯ ಮೇಲೆ ಹೂ ಮುಡಿದ ಪೆಡಲುಗಳು. ಕಮಲಾ ಆಂಟಿ ಮೊದಲ ಸಾಲಿನಲ್ಲಿದ್ದರು. ಕೆಫೆಟೀರಿಯಾ ದೊಡ್ಡದೆಂದು ಸದ್ದನ್ನೂ ದೊಡ್ಡದು ಮಾಡಿದೆ.

ಶ್ರುತಿ ಎಡಗೋಡೆಯಿಂದ ಹೊರಟು ಬಲಗೋಡೆಗೆ ಹೋಗಿ ತಿರುಗಿ ಬಂತು. ಜನ ತಲೆದೂಗಿದರು. ನನಗೆ ಹೆಮ್ಮೆಯಾಯಿತು. ಅವರು ಸದ್ದು ಎತ್ತ ಹೋಯಿತೆಂದು ನೋಡುತ್ತಿದ್ದರೆಂಬುದು ಆಮೇಲೆ ತಿಳಿಯಿತು. ವಿಮಲಾ ಷಡ್ಜ ಹಿಡಿದಳು, ಶ್ರುತಿ ಇಳಿಯಿತು. ಪಾಪ, ಅವಳೂ ಇಳಿದಳು. ಅಷ್ಟರಲ್ಲಿ ಅದು ಏರಿತು. ಜಗತ್ತಿನಲ್ಲಿ ಅಲುಗಾಡಬಾರದ್ದು ಯಾವುದಾದರೂ ಒಂದಿದ್ದರೆ ಅದು ಶ್ರುತಿ. ನಾನು ಅದನ್ನೇ ಹುಡುಕಿ ತಿರುಗಲು ಹಚ್ಚಿದ್ದೆ.

"ನಿಲ್ಸೀ ಅದನ್ನ," ಎಂದಳು, ಆಲಾಪನೆಯ ನಡುವೆ, ತುಟಿ ಅಲ್ಲಾಡಿಸದೆ.

ಗಿಟಾರು ಬಿಟ್ಟು ಮಣೆಯ ಕಡೆ ಬಾಗಿದೆ. ಪೇಟ ಕಣ್ಣಿಗೆ ಜಾರಿತು. ಹೂವಿನ ಅಡಿಯಲ್ಲಿ ತಡಕಾಡಿ ಒಂದು ಗುಂಡಿ ಒತ್ತಿದೆ. ಅದು ನಿಲ್ಲಿಸುವ ಗುಂಡಿಯಲ್ಲ, ವೇಗದ ಗುಂಡಿ. ಶ್ರುತಿ ಊಳಿಡತೊಡಗಿತು.

"ಮಾಮ್, ಈಸ್ ದಟ್ ದಿ ಪೊಲೀಸ್?" ಎಂದು ಯಾವುದೋ ಮಗು ಕೇಳಿತು. ಇಬ್ಬರು ಅಂಕಲ್‌ಗಳು ಕಾರು ಎಲ್ಲಿ ನಿಲ್ಲಿಸಿದ್ದೇವೆಂದು ನೋಡಿಬರಲು ಎದ್ದು ಹೋದರು.

ಏಳಲು ನೋಡಿದೆ. ಚಕ್ಕಳಮಕ್ಕಳದಲ್ಲಿ ಕಾಲು ಜೋಮು ಹಿಡಿದಿತ್ತು. ಪಾದ ನೇರವಾಗಿ ಹೋಗಿ ಕುಂಕುಮ ಹಚ್ಚಿದ ಪೆಡಲಿನ ಮೇಲೆ ಊರಿತು, ಮಣೆ ಮಗುಚಿತು, ಗಿಟಾರಿನ ವೈರು ಕಿತ್ತು ಬಂತು. ಕಮಲಾ ಆಂಟಿ ಎರಡೂ ಕೆನ್ನೆಗೆ ಬಡಿದುಕೊಂಡರು. ಕೆಫೆಟೀರಿಯಾ ನಿಶ್ಶಬ್ದವಾಯಿತು.

ಅವಳ ಇಷ್ಟು ದಿನದ ಆಸೆಯನ್ನು ನಾನೇ ತುಳಿದೆ ಎನ್ನಿಸಿತು. ವಿಮಲಾ ಹಿಂದಿರುಗಿ ನೋಡಲಿಲ್ಲ.

"ಇನ್ನು ಯಾವುದನ್ನೂ ಮುಟ್ಟಬೇಡಿ. ಕೂತ್ಕೊಂಡು ಬರೀ ತಂತಿ ಮೀಟಿ," ಎಂದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಏನನ್ನೋ ಆಲಿಸಿ, ಹಾಡತೊಡಗಿದಳು.

ವೈರು ಕಿತ್ತ ಎಲೆಕ್ಟ್ರಿಕ್ ಗಿಟಾರಿಗೆ ರಬ್ಬರ್ ಬ್ಯಾಂಡಿನಷ್ಟೂ ಸದ್ದಿಲ್ಲ. ಆದರೂ ಒಂದು ಗಂಟೆ ಪೂರ್ತಿ, ಬೆರಳು ಉರಿಯುವವರೆಗೂ ಭಕ್ತಿಯಿಂದ ಮೀಟಿದೆ. ವಿಮಲಳ ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಮದುವೆಯಾದ ಮೇಲೆ ಅವಳು ಹಾಗೆ ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಕೊನೆಗೆ ಆಂಟಿ ವೇದಿಕೆಗೇ ಬಂದರು. "ವಿಮಲಾ, ನವರಾತ್ರಿಗೆ ನೀನೇ. ನೆಪ ಗಿಪ ಹೇಳಬೇಡ," ಎಂದರು. ಆಮೇಲೆ ನನ್ನತ್ತ ತಿರುಗಿ, "ಏನಪ್ಪಾ ಮೂರ್ತಿ, ಮೊದಲು ಏನೋ ಅವಾಂತರ ಮಾಡ್ಕೊಂಡೆ. ಆಮೇಲೆ ಶ್ರುತಿ ಬಹಳ ಚೆನ್ನಾಗಿತ್ತು. ಸಣ್ಣಗೆ, ಒಂದೇ ಸಮ, ಒಂಚೂರೂ ಅಲ್ಲಾಡಲಿಲ್ಲ," ಎಂದರು.

ಕಾರಿನಲ್ಲಿ ನಾನು ಸ್ವಲ್ಪ ಹೆಚ್ಚೇ ನೆಟ್ಟಗೆ ಕುಳಿತು ಡ್ರೈವ್ ಮಾಡಿದೆ.

"ಆಂಟಿ ನನ್ನ ಶ್ರುತಿಗೆ ಏನಂದ್ರು, ಕೇಳಿದೆಯಾ?"

"ನಿಮ್ಮ ಗಿಟಾರು ನನಗೇ ಕೇಳಿಸಲಿಲ್ಲ, ಇನ್ನು ಅವರಿಗೆಲ್ಲಿಂದ ಕೇಳಿಸತ್ತೆ?"

"ಮತ್ತೆ ಅವರು ಹೊಗಳಿದ್ದು ಯಾವುದನ್ನ?"

"ಹಿಂದುಗಡೆ ಶಾಲೆಯವರ ಹಾಲಿಡೋ ಫ್ರಿಜ್ಜು ಗುಂಯ್ ಅಂತಿತ್ತಲ್ರೀ. ಪುಣ್ಯಕ್ಕೆ ಅದು ನನ್ನ ಪಂಚಮಕ್ಕೆ ಸರಿಯಾಗಿ ಕೂತಿತ್ತು. ಅದನ್ನ ಹಿಡ್ಕೊಂಡೇ ಹಾಡಿದ್ದು."

ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ತಪ್ಪಿಹೋಯಿತು. ಮೈಸೂರು ಪೇಟ ಸುತ್ತಿಕೊಂಡು, ಒಂದು ಗಂಟೆ ಕಾಲ, ನಾನು ಒಂದು ಫ್ರಿಜ್ಜಿಗೆ ಪಕ್ಕವಾದ್ಯ ನುಡಿಸಿದ್ದೆ.