ಅತ್ತೆಯವರನ್ನು ಬೆಚ್ಚಗಿಟ್ಟ ಸಾಹಸ

ಯುದ್ಧದ ಕಾಲ. ಕುಂದಾಪುರದ ಆಸ್ಪತ್ರೆಯೊಂದರಲ್ಲಿ ನಮ್ಮ ಅತ್ತೆಯವರ ಹೊಟ್ಟೆಯ ಗಡ್ಡೆ ತೆಗೆಯುವುದೆಂದು ನಿಶ್ಚಯವಾಯಿತು. ಬೇಸಗೆಯ ಸೆಕೆಗೆ ಎಲ್ಲರೂ ಬೆವರುತ್ತಿದ್ದೆವು. ಅಂಥದ್ದರಲ್ಲಿ ಡಾಕ್ಟರು ನನ್ನನ್ನು ಕರೆದು, "ಇವರನ್ನು ಬೆಚ್ಚಗಿಡಬೇಕು" ಎಂದರು!

"ಪ್ರಜ್ಞೆ ತಪ್ಪಿಸುವ ಮದ್ದು ಮೂಗಿಗೆ ಹಿಡಿದರೆ ಮೈ ತಣ್ಣಗಾಗುತ್ತದೆ. ಈ ವಯಸ್ಸಿನಲ್ಲಿ ಅದು ಅಪಾಯ. ನಮ್ಮ ರಬ್ಬರ್ ಚೀಲಗಳೆಲ್ಲ ಬಿರುಕು ಬಿಟ್ಟಿವೆ, ಯುದ್ಧ ಮುಗಿಯುವ ತನಕ ಹೊಸದು ಬರುವಂತಿಲ್ಲ. ಗಾಜಿನ ಬಾಟ್ಲಿ ತನ್ನಿ. ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡೋಣ."

ಹೆಂಡತಿ ಸೀತೆಯ ಕಣ್ಣಲ್ಲಿ ನೀರು. "ಅಮ್ಮಂಗ್ ಎಂತಾರೂ ಆರೆ?"

"ನಾ ಇದ್ದೆ ಅಲ್ದಾ?" ಎಂದೆ. ದೇವಸ್ಥಾನದಲ್ಲಿ ಊರಿಗೆ ಊರೇ ಉಣ್ಣುವ ಸಮಾರಾಧನೆ ಸುಧಾರಿಸಿದವನು ನಾನು. ಬಾಟ್ಲಿ ಯಾವ ಲೆಕ್ಕ!

ನೇರ ಸೋಡಾ ಅಂಗಡಿಗೆ ಹೋಗಿ ಒಂದು ಬುಟ್ಟಿ ಗೋಲಿ ಸೋಡಾ ಬಾಟ್ಲಿ ಹೊತ್ತು ತಂದೆ. ಗಟ್ಟಿ ಗಾಜು, ಬಿರಡೆಯ ಬದಲು ಒಳಗೇ ಗೋಲಿ. ಇಂಥ ಉಪಾಯ ಡಾಕ್ಟರಿಗೂ ಹೊಳೆದಿರಲಿಲ್ಲವೆಂದು ಒಳಗೊಳಗೇ ಬೀಗಿದೆ. ಕುದಿನೀರು ತುಂಬಿ, ನರ್ಸಮ್ಮನ ಎದುರು ಒಂದನ್ನು ಜಂಭದಿಂದ ಬೋರಲು ಮಾಡಿ ತೋರಿಸಿದೆ. ಗೋಲಿ ಬಾಯಿಗೆ ಬಂತು, ನೀರು ನನ್ನ ಕಾಲಿಗೆ ಬಂತು! ಒಳಗಿನ ಗ್ಯಾಸು ಒತ್ತಿ ಹಿಡಿದರೆ ಮಾತ್ರ ಗೋಲಿ ಬಾಯಿ ಮುಚ್ಚುತ್ತದೆಂಬ ವಿದ್ಯೆ ನನಗೆ ಆಗ ಪ್ರಾಪ್ತವಾಯಿತು.

"ಹ್ವಾಯ್, ಬಿರ್ಡಿ ಇಪ್ಪ ಬಾಟ್ಲಿ ತನ್ನಿ. ಬೇಗ," ಎಂದರು ನರ್ಸಮ್ಮ.

ಅಷ್ಟು ಬಿರಡೆ ಬಾಟ್ಲಿ ಒಟ್ಟಿಗೆ ಸಿಗುವ ಜಾಗ ಒಂದೇ. ಕಳ್ಳಿನಂಗಡಿ. ಜನಿವಾರ ಮರೆಮಾಡಿ, ಶಾಲು ತಲೆಗೆ ಹೊದ್ದು, ಸುಟ್ಟ ಕಾಲಲ್ಲಿ ಕುಂಟುತ್ತಾ ನುಗ್ಗಿದೆ. ಎರಡೂ ಕಂಕುಳಲ್ಲಿ ಖಾಲಿ ಬಾಟ್ಲಿ ಇರುಕಿಕೊಂಡು ಓಲಾಡುತ್ತಾ ಹೊರಬಂದರೆ, ಎದುರಿಗೆ ನಮ್ಮ ದೇವಸ್ಥಾನದ ಮೊಕ್ತೇಸರರು!

"ಅತ್ತೆಯವ್ರಿಗೆ," ಎಂದೆ.

ಅವರು ಮೂಗು ಮುಚ್ಚಿಕೊಂಡು ದಾಟಿಹೋದರು.

ಎಷ್ಟು ತೊಳೆದರೂ ಬಾಟ್ಲಿಯ ವಾಸನೆ ಹೋಗಲಿಲ್ಲ. ಅಂತೂ ಅವುಗಳ ನಡುವೆಯೇ ಆಪರೇಷನ್ ನಡೆಯಿತು. ಡಾಕ್ಟರು ಹೊರಬಂದು, "ಗೆದ್ದೆವು, ಮೈ ಬೆಚ್ಚಗಿದೆ. ನಡುಕ ನಿಲ್ಲುವ ತನಕ ಬಾಟ್ಲಿ ತೆಗೆಯಬೇಡಿ, ಅವರು ಅಲ್ಲಾಡಲೂ ಬಾರದು" ಎಂದರು. ನನಗೆ ಕುಣಿಯುವಷ್ಟು ಸಂತೋಷ!

ಅತ್ತೆಯವರು ಕಣ್ಣು ಬಿಟ್ಟರು. ಹಲ್ಲು ಕಟಕಟ ಎನ್ನುತ್ತಿತ್ತು. ನಮ್ಮ ಅತ್ತೆಯವರು ಮಡಿಗೆ ಹೆಸರಾದವರು, ಬಾವಿಯ ಹಗ್ಗವನ್ನೂ ತೊಳೆದೇ ನೀರು ಸೇದುವವರು. ಅವರ ಮೂಗು ಅರಳಿತು.

"ಸೀತೆ, ಎಂತ ವಾಸ್ನಿ ಇದ್? ಕಳ್ಳಲ್ದಾ?"

ಸೀತೆ ನನ್ನ ಮುಖ ನೋಡಿದಳು. ನಿಜ ಹೇಳಿದರೆ ಅತ್ತೆಯವರು ಹೊಲಿಗೆ ಬಿಚ್ಚಿದರೂ ಸರಿಯೆಂದು ಬಾಟ್ಲಿಗಳನ್ನೆಲ್ಲ ಒದ್ದು, ಎದ್ದು ಸ್ನಾನಕ್ಕೆ ಹೊರಡುವವರೇ.

"ನಾನೇ ಅತ್ತೆ," ಎಂದೆ. "ಹೆದ್ರಿಕಿ ಆಯ್ತ್. ಚೂರ್ ಕುಡ್ದೆ."

ಅತ್ತೆಯವರು ಬಟ್ಟೆ ಸುತ್ತಿದ ಬಾಟ್ಲಿಯೊಂದನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. "ಮಗಳೆ, ಇವ್ರನ್ನ ಹೊರ್ಗೆ ಕಳ್ಸ್. ಮಿಂದ್ಕಂಡ್ ಒಳ್ಗ್ ಬಪ್ಪುಕ್ ಹೇಳ್."

ಅವರು ಬೆಚ್ಚಗೆ ನಿದ್ದೆ ಹೋದರು. ನಾನು ಆಸ್ಪತ್ರೆಯ ಹಿತ್ತಿಲಿಗೆ ಹೋಗಿ, ಒಂದು ತೊಟ್ಟೂ ಕುಡಿಯದ ತಪ್ಪಿಗೆ, ಕೊಡಗಟ್ಟಲೆ ತಣ್ಣೀರು ತಲೆಗೆ ಸುರಿದುಕೊಂಡೆ.