ನಾಲ್ಕು ಫೋನಿನಲ್ಲಿ ಒಂದು ಧಾರೆ ಸೀರೆ

೧೯೮೯ರಲ್ಲಿ ನನ್ನ ಓದು ನಿಂತಿತು. ಏಳನೆಯ ತರಗತಿ ಪಾಸಾಗಿತ್ತು. ಎಂಟನೆಯದಕ್ಕೆ ಹೆಸರು ಬರೆಸಬೇಕು ಅನ್ನುವ ಹೊತ್ತಿಗೆ ಅಣ್ಣ ಬೇರೆ ಕೆಲಸ ಹಿಡಿದು ಹೋದ. ಮನೆಯ ಮಗ್ಗದ ಗುಂಡಿ ಖಾಲಿಯಾಯಿತು, ಆ ಗುಂಡಿಗೆ ನನ್ನ ಕಾಲುಗಳ ಅಳತೆ ಸರಿಯಾಗಿ ಹೊಂದಿತು. ಅಂದು ಇಳಿಬಿಟ್ಟ ಕಾಲನ್ನು ಊಟಕ್ಕೆ, ನಿದ್ದೆಗೆ ಮತ್ತು ನನ್ನ ಮದುವೆಗೆ ಮಾತ್ರ ಮೇಲೆ ತೆಗೆದಿದ್ದೇನೆ ಎಂದು ಹೇಳಿಕೊಳ್ಳುವುದು ನನ್ನ ಅಭ್ಯಾಸ. ಇದರಲ್ಲಿ ಸ್ವಲ್ಪ ಜಂಬ ಇದೆ, ಒಪ್ಪುತ್ತೇನೆ. ಆದರೆ ಬಣ್ಣದ ವಿಷಯದಲ್ಲಿ ಜಂಬ ಪಡದ ನೇಕಾರನನ್ನು ಕೊಳ್ಳೇಗಾಲದಲ್ಲಿ ಯಾರಾದರೂ ಹುಡುಕಿ ತಂದರೆ ಇಬ್ಬರಿಗೂ ನಾನೇ ಕಾಫಿ ಕುಡಿಸುತ್ತೇನೆ. ಮಿಕ್ಕವರಿಗೆ ಕೆಂಪು ಅಂದರೆ ಕೆಂಪು. ನಮಗೆ ಕುಂಕುಮದ ಕೆಂಪು ಬೇರೆ, ಮೆಣಸಿನಕಾಯಿಯದು ಬೇರೆ, ಮೆಣಸಿನಕಾಯಿಯಲ್ಲೂ ಗಿಡದಲ್ಲಿ ಹಣ್ಣಾದದ್ದು ಬೇರೆ, ಚಾಪೆಯ ಮೇಲೆ ಒಣಗಿದ್ದು ಬೇರೆ.

ಈ ಕಣ್ಣನ್ನು ನನಗೆ ಕೊಟ್ಟವರು ನಮ್ಮಪ್ಪ. ಬಣ್ಣ ಹಾಕಿದ ರೇಷ್ಮೆ ಮನೆಗೆ ಬಂದರೆ ಅವರು ಒಳಗೆ ಬಿಚ್ಚುತ್ತಲೇ ಇರಲಿಲ್ಲ. ಬೆಳಗಿನ ಬಿಸಿಲು ಹೊಸ್ತಿಲಿಗೆ ಬರುವ ತನಕ ಕಾದು, ಎಳೆಗಳನ್ನು ಅಂಗೈ ಮೇಲೆ ಹರಡಿ ನೋಡಿ, ಆಮೇಲೆ ಮಗ್ಗಕ್ಕೆ ಹಾಕಬೇಕೋ ಬೇಡವೋ ಎಂದು ಹೇಳುತ್ತಿದ್ದರು. ನಾನೂ ಹಾಗೆಯೇ. ಹೋದ ತಿಂಗಳು ಹೊಸ ಕನ್ನಡಕ ಮಾಡಿಸುವಾಗಲೂ ಅಂಗಡಿಯವನಿಗೆ, ‘ನನ್ನ ಕಸುಬೆಲ್ಲ ಕಣ್ಣಿನದಪ್ಪ, ಒಳ್ಳೆಯ ಗಾಜನ್ನೇ ಹಾಕು, ಬಿಸಿಲಲ್ಲಿ ಕಣ್ಣಿಗೆ ತಂಪಾಗಿರಲಿ’ ಎಂದು ಹೇಳಿಯೇ ಮಾಡಿಸಿದೆ.

ಫೋನಿನ ಆ್ಯಪುಗಳ ಹೆಸರು ನನ್ನ ನಾಲಿಗೆಗೆ ತಿರುಗುವುದಿಲ್ಲ. ಅವನ್ನೂ ನಾನು ಬಣ್ಣದಿಂದಲೇ ಕರೆಯುತ್ತೇನೆ: ಹಸಿರದು, ನೀಲಿಯದು, ಗುಲಾಬಿಯದು. ಹಸಿರದರಲ್ಲಿ ನೆಂಟರು, ಗಿರಾಕಿಗಳು. ನೀಲಿಯದರಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸಿ ಶುಭೋದಯ ಹೇಳುವ ನನ್ನ ವಯಸ್ಸಿನವರು. ಗುಲಾಬಿಯದರಲ್ಲಿ ಕನ್ನಡಿ ಮುಂದೆ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುವ ಮಕ್ಕಳು. ಡಿಗ್ರಿ ಓದುವ ನನ್ನ ಮಗಳು ಪವಿತ್ರಾ ನಾನು ನೇಯ್ದ ಸೀರೆಗಳನ್ನು ಮೂರರಲ್ಲೂ ಹಾಕುತ್ತಾಳೆ. ಅದರಿಂದಲೇ ಹನೂರಿನ ದೊಡ್ಡತಾಯಮ್ಮನವರ ಧಾರೆ ಸೀರೆ ನನ್ನ ಮಗ್ಗಕ್ಕೆ ಬಂತು. ಅವರ ಮಗನಿಗೆ ಯಳಂದೂರಿನ ಹುಡುಗಿ. ಧಾರೆ ಸೀರೆ ಗಂಡಿನ ಕಡೆಯವರದು, ಬಣ್ಣದ ಆಯ್ಕೆ ಮದುವಣಗಿತ್ತಿಯದು. ಹುಡುಗಿ ಮಾಗಿದ ದಾಳಿಂಬೆಯ ಬಣ್ಣ ಆರಿಸಿದಳು. ನಾನು ಹೂಂ ಅಂದೆ.

ಸೀರೆ ಅರ್ಧಕ್ಕೆ ಬಂದಾಗ ಮಗ್ಗದ ಮೇಲೇ ಒಂದು ಫೋಟೋ ತೆಗೆದು ಹಸಿರದರಲ್ಲಿ ಅತ್ತೆ, ಸೊಸೆ ಇಬ್ಬರಿಗೂ ಕಳಿಸಿದೆ. ಹೊಗಳಿಕೆ ಬರುತ್ತದೆ ಎಂದು ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ದೊಡ್ಡತಾಯಮ್ಮನವರ ಫೋನು ಬಂತು.

“ಏನಣ್ಣೋ, ಧಾರೆ ಸೀರೆಗೆ ಕಪ್ಪು ಆಕಿದ್ದೀಯಲ್ಲ! ನನ್ ಸೊಸೆ ಕಪ್ಪುಟ್ಕಂಡು ಮಣೆ ಮ್ಯಾಲೆ ಕುಂತ್ರೆ ನೆಂಟ್ರು ನನ್ ಮಕಕ್ಕೆ ಉಗೀತಾರೆ ಕಣಣ್ಣ.”

“ಕಪ್ಪಲ್ಲ ಕಣಮ್ಮ, ದಾಳಿಂಬೆ.”

“ನನ್ ಫೋನಲ್ಲಿ ಕಪ್ಪೇ ಅದೆ. ನಾನೇನ್ ಕುರುಡೀನಾ? ನಾಳೆ ಮೊದಲ್ನೇ ಬಸ್ಸಿಗೆ ಬತ್ತೀನಿ. ಕಪ್ಪಾಗಿದ್ರೆ ನಂಗ್ ಬ್ಯಾಡ, ಬುಡು.”

ಧಾರೆಗೆ ಕಪ್ಪು ನೇಯ್ದವನು ಎಂಬ ಮಾತು ಒಮ್ಮೆ ಹನೂರಿನಲ್ಲಿ ಹಬ್ಬಿದರೆ ಅದು ಮಾರ್ಟಳ್ಳಿಯವರೆಗೂ ಹೋಗುತ್ತದೆ, ಮದುವೆ ಸೀರೆಗೆಂದು ಆಮೇಲೆ ಒಬ್ಬರೂ ನನ್ನ ಬಾಗಿಲಿಗೆ ಬರುವುದಿಲ್ಲ. ಯಳಂದೂರಿಗೆ ಫೋನು ಮಾಡಿದೆ. ಹುಡುಗಿ ಖುಷಿಯಲ್ಲಿದ್ದಳು. “ಕಪ್ಪಾ? ಇಲ್ಲ ಕಣಣ್ಣ, ನಂಗೆ ಒಳ್ಳೆ ಗುಲಾಬಿ ತರ ಕಾಣ್ತದೆ!” ಅಂದಳು. ಇದು ನನಗೆ ಇನ್ನೂ ದಿಗಿಲು ತಂದಿತು. ನಾನು ಗುಲಾಬಿಯನ್ನೂ ನೇಯ್ದಿರಲಿಲ್ಲ.

ಒಂದೇ ಫೋಟೋ ಒಂದೇ ಆ್ಯಪಿನಲ್ಲಿ ಎರಡು ಊರಿಗೆ ಹೋಗಿ ಎರಡು ಬಣ್ಣ ಆಗುವುದಾದರೂ ಹೇಗೆ ಎಂದು ನನಗೆ ಕುತೂಹಲ ಹತ್ತಿತು. ಸಂಜೆ ಜಗಲಿಯ ಮೇಲೆ ಚಾಪೆ ಹಾಸಿ ನನ್ನ ಫೋನು, ಹೆಂಡತಿ ಸಾವಿತ್ರಿಯ ಫೋನು, ಪವಿತ್ರಾಳ ಫೋನು ಸಾಲಾಗಿ ಇಟ್ಟೆ. ಎದುರು ಟೀ ಅಂಗಡಿಯ ಶಿವಣ್ಣ ತನ್ನದನ್ನೂ ತಂದು ಜೋಡಿಸಿದ. ಅದೇ ಫೋಟೋವನ್ನು ಎಲ್ಲದಕ್ಕೂ ಕಳಿಸಿ ತೆರೆದೆವು. ನನ್ನದರಲ್ಲಿ ದಾಳಿಂಬೆ. ಸಾವಿತ್ರಿಯದರಲ್ಲಿ ಇಟ್ಟಿಗೆ. ಶಿವಣ್ಣನದರಲ್ಲಿ ಬೀಟ್‌ರೂಟು. ಪವಿತ್ರಾಳದರಲ್ಲಿ ಸೀರೆ ಆಗ ತಾನೇ ಮುಖ ತೊಳೆದು ಪೌಡರು ಹಾಕಿಕೊಂಡು ಬಂದ ಹಾಗಿತ್ತು. ಆ್ಯಪು ಬದಲಾಯಿಸಿ ನೋಡಿದೆವು. ನೀಲಿಯದರಲ್ಲಿ ಹತ್ತು ಸಲ ಒಗೆದ ಸೀರೆಯಂತೆ ಮಂಕು, ಗುಲಾಬಿಯದರಲ್ಲಿ ದೀಪಾವಳಿ.

“ಹಸಿರದು ಫೋಟೋನ ಅದುಮಿ ಕಳಿಸ್ತದೆ ಅಪ್ಪ. ಒಂದೊಂದು ಫೋನಿನ ಸ್ಕ್ರೀನೂ ಒಂದೊಂದು ತರ. ಕೆಲವ್ರು ಬೆಳಕು ಕಮ್ಮಿ ಮಾಡ್ಕಂಡಿರ್ತಾರೆ” ಎಂದಳು ಪವಿತ್ರಾ.

“ಲೇ, ನಂದೇ ಸರಿಯಾದ ಬಣ್ಣ ಕಣ್ಲಾ,” ಎಂದ ಶಿವಣ್ಣ. “ಎಂಥಾ ಫೋನು ಗೊತ್ತಾ ಇದು? ಚಂದ್ರನ ಫೋಟೋ ತೆಗೀತದೆ!”

“ಸೀರೆ ಚಂದ್ರನ ಮ್ಯಾಲೆ ಒಣಗಾಕಿಲ್ವಲ್ಲ ಶಿವಣ್ಣ,” ಎಂದಳು ಸಾವಿತ್ರಿ. “ಐದಾರು ಮಾರು ದೂರದಲ್ಲಿ ಮಗ್ಗದ ಮ್ಯಾಲೇ ಅದೆ. ಯಾರಾದ್ರೂ ಎದ್ದೋಗಿ ಅದ್ನ ನೋಡುದ್ರಾ?”

ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಎದ್ದು ಹೋಗಿ ನೋಡಿ, ದಾಳಿಂಬೆಯೇ ಎಂದೆ. ಟ್ಯೂಬ್‌ಲೈಟಿನಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ, ಬೆಳಿಗ್ಗೆ ಹೊಸ್ತಿಲಲ್ಲಿ ನೋಡುತ್ತೇನೆ, ಫೋನುಗಳೆಲ್ಲ ಬಾಯಿ ಮುಚ್ಚಿಕೊಳ್ಳಬೇಕು ಎಂದು ಶಿವಣ್ಣನ ಎದುರು ಸವಾಲು ಹಾಕಿದೆ.

ಬೆಳಿಗ್ಗೆ ಬಿಸಿಲು ಬಂತು. ಅದೇ ಬಣ್ಣದಲ್ಲಿ ಉಳಿದಿದ್ದ ರೇಷ್ಮೆ ಎಳೆಗಳನ್ನು ಹಿಡಿದುಕೊಂಡು ಹೊಸ್ತಿಲಿಗೆ ಹೋಗಿ ನಮ್ಮಪ್ಪನ ಹಾಗೆಯೇ ಅಂಗೈ ಮೇಲೆ ಹರಡಿದೆ. ಮೊದಲು ದಾಳಿಂಬೆಯಾಗಿತ್ತು. ನೋಡುತ್ತಾ ನೋಡುತ್ತಾ ಬದನೆಕಾಯಿಯಾಯಿತು. ಇನ್ನೂ ಸ್ವಲ್ಪ ಹೊತ್ತು ನಿಂತೆ. ಕಪ್ಪಾಯಿತು! ದೊಡ್ಡತಾಯಮ್ಮ ಹೇಳಿದ್ದೇ ನಿಜ. ಬಣ್ಣ ಹಾಕಿದವನು ಮೋಸ ಮಾಡಿದನೋ, ರೇಷ್ಮೆಯೇ ಕೆಟ್ಟಿತೋ, ಅಂತೂ ಬಿಸಿಲು ಸುಳ್ಳು ಹೇಳುವುದಿಲ್ಲ. ಹನೂರಿನ ಬಸ್ಸು ಬರುವಷ್ಟರಲ್ಲಿ ಮಗ್ಗದಿಂದ ಕತ್ತರಿಸಿ ತೆಗೆದು, ಬೇರೆ ಎಳೆಗಳ ಹಾಸು ಹೂಡಿ ಹೊಸದಾಗಿ ನೇಯುತ್ತೇನೆ ಎಂದಾದರೂ ಕೈಮುಗಿದು ಹೇಳೋಣ ಎಂದುಕೊಂಡು, “ಸಾವಿತ್ರೀ, ಕತ್ತರಿ ತತ್ತಾ!” ಎಂದು ಕೂಗಿದೆ.

ಕತ್ತರಿ ಹಿಡಿದುಕೊಂಡೇ ಬಂದವಳು ನನ್ನ ಮುಖ ನೋಡಿ ನಿಂತುಬಿಟ್ಟಳು. ಕತ್ತರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ರೀ, ಮೊದ್ಲು ಆ ಕನ್ನಡ್ಕ ತೆಗೀರಿ. ಸಿನಿಮಾ ವಿಲನ್ ತರ ಕಪ್ಪು ಕನ್ನಡ್ಕ ಆಕ್ಕಂಡು ಬಣ್ಣ ನೋಡ್ತಾವ್ರೆ!”

“ಇದು ಕಪ್ಪು ಕನ್ನಡ್ಕ ಅಲ್ಲ ಕಣೆ,” ಎನ್ನುತ್ತಲೇ ತೆಗೆದು ನೋಡಿದೆ. ಬಿಸಿಲಿಗೆ ತಾನಾಗಿಯೇ ಕಪ್ಪಾಗುವ ಗಾಜು; ನಾನೇ ಕೇಳಿ ಹಾಕಿಸಿಕೊಂಡ ‘ಕಣ್ಣಿಗೆ ತಂಪು’ ಇದೇ ಎಂದು ಆಗ ಹೊಳೆಯಿತು. ಬರಿಗಣ್ಣಿನಲ್ಲಿ ಎಳೆಗಳನ್ನು ನೋಡಿದೆ. ದಾಳಿಂಬೆ ಅಂಗೈಯಲ್ಲಿ ಬಿರಿದು ಕೂತಿತ್ತು.

ದೊಡ್ಡತಾಯಮ್ಮ ಬಂದರು. ಎಳೆಗಳನ್ನು ಬಿಸಿಲಲ್ಲಿ ತಿರುಗಿಸಿ ತಿರುಗಿಸಿ ನೋಡಿದರು, ಒಳಗೆ ಹೋಗಿ ಮಗ್ಗದ ಮೇಲಿನ ಸೀರೆಯನ್ನು ಸವರಿದರು. “ಈಗ್ ನೋಡಣ್ಣ ಚೆಂದಾಗದೆ! ನಾನ್ ಗಲಾಟೆ ಮಾಡ್ದೆ ಅಂತ ರಾತ್ರೋರಾತ್ರಿ ಬಣ್ಣ ಬದ್ಲಾಯ್ಸಿದ್ದೀಯ. ಕೆಲ್ಸ ಅಂದ್ರೆ ಇಂಗಿರ್ಬೇಕು” ಎಂದರು. ಅರ್ಧ ಸೀರೆಯ ಬಣ್ಣವನ್ನು ರಾತ್ರೋರಾತ್ರಿ ಬದಲಾಯಿಸಲು ದೇವರಿಂದಲೂ ಆಗದು ಎಂದು ಹೇಳಬೇಕೆಂದು ಬಾಯಿ ತೆರೆದೆ. ಬಾಗಿಲಲ್ಲಿ ಸಾವಿತ್ರಿ ನನ್ನ ಕನ್ನಡಕವನ್ನು ಸೆರಗಿನಿಂದ ನಿಧಾನವಾಗಿ ಒರೆಸುತ್ತಾ ನಿಂತಿದ್ದಳು. “ಹೂಂ ಕಣಮ್ಮ, ಬದಲಾಯಿಸ್ದೆ” ಎಂದೆ.

ದೊಡ್ಡತಾಯಮ್ಮ ಸೀರೆಯ ಫೋಟೋ ತೆಗೆದುಕೊಂಡು ಹನೂರಿನ ಬಸ್ಸು ಹತ್ತಿದರು. ಬಸ್ಸಿನಿಂದಲೇ ಅದನ್ನು ನನಗೂ ಕಳಿಸಿದರು. ನನ್ನ ಫೋನಿನಲ್ಲಿ ಅದು ಅಚ್ಚ ಕಪ್ಪು. ಕೆಳಗೆ, ‘ಈಗ ಸರಿಯಾಗದೆ ನೋಡು’ ಎಂದಿತ್ತು. ಒಂದು ಕ್ಷಣ ನನ್ನ ಕೈ ಮತ್ತೆ ಕತ್ತರಿ ಹುಡುಕಿತು. ಆಮೇಲೆ ಹೆಬ್ಬೆರಳಿನ ಚಿತ್ರ ಒತ್ತಿ ಮಗ್ಗಕ್ಕಿಳಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಏಳು ಕ್ಲಾಸಿನ ಓದು, ಒಂದು ಮಗ್ಗ, ಮನೆಯಲ್ಲಿ ಮೂರು ಫೋನು, ಬಿಸಿಲಿಗೆ ಹಾಕಿಕೊಳ್ಳಬಾರದ ಕನ್ನಡಕ ಒಂದು, ಅದನ್ನು ತೆಗೆಸುವ ಹೆಂಡತಿ ಒಬ್ಬಳು.